ಅಕ್ಕಿ ತೊಳೆದ ನೀರು

ಹೋದ ಮೇ ತಿಂಗಳ ಕೊನೆಯಲ್ಲಿ ನಮ್ಮ ಕೋಲಾರದ ಮನೆಯ ಹಿತ್ತಲ ತೊಂಡೆ ಬಳ್ಳಿ ಬಾಡಿ ನೇತಾಡುತ್ತಿತ್ತು. ಟ್ಯಾಂಕರಿಗೆ ದುಡ್ಡು ಕೊಟ್ಟು ತರಿಸಿದ ನೀರನ್ನು ಗಿಡಕ್ಕೆ ಸುರಿಯಲು ಮನಸ್ಸು ಬರಲಿಲ್ಲ.

ಪಕ್ಕದ ಮನೆಯ ಅಜ್ಜಿ ಮುಳಬಾಗಿಲ ಕಡೆಯವರು. ಗೋಡೆಯಾಚೆಯಿಂದಲೇ ಕೇಳಿದರು: "ಟೀಚರಮ್ಮಾ, ಅಕ್ಕಿ ತೊಳೆದ ನೀರೆಲ್ಲಾ ಮೋರಿಗೆ ಹೋಗ್ತಾ ಐತಲ್ಲ?"

ಮೂವತ್ತು ವರ್ಷ ಕಪ್ಪುಹಲಗೆಯ ಮೇಲೆ 'ಜಲಸಂರಕ್ಷಣೆ' ಎಂದು ಬರೆದವಳು ನಾನು. ನಾಚಿಕೆಯಾಯಿತು.

ಅಂದಿನಿಂದ ಅಕ್ಕಿ, ಬೇಳೆ, ತರಕಾರಿ ತೊಳೆದ ನೀರೆಲ್ಲ ಸಂಜೆ ಬಳ್ಳಿಯ ಬುಡಕ್ಕೆ. ಸೋಪಿನ ನೀರು, ಉಪ್ಪಿನ ನೀರು ಮಾತ್ರ ಬೇಡವೆಂದರು ಅಜ್ಜಿ. ತೇವ ಆರದಂತೆ ಬುಡಕ್ಕೆ ತರಗೆಲೆ ಹೊದಿಸುವುದನ್ನೂ ಕಲಿಸಿದರು. ಬೀದಿಯ ಹೆಂಗಸರೂ ಶನಿವಾರ ಸಂಜೆ ಬಂದು ಕೂರತೊಡಗಿದರು. ಮಾಲೂರಿನ ಸೊಸೆಯೊಬ್ಬಳು ತವರಿಂದ ಬೂದಿಯಲ್ಲಿಟ್ಟ ಹೀರೆ ಬೀಜ ತಂದಳು. ಶ್ರೀನಿವಾಸಪುರದವರು ಕುಂಬಳ ಬೀಜ ಕೊಟ್ಟರು. ರೋಹಿಣಿ ಮಳೆ ಬಿದ್ದ ಮಾರನೆಯ ದಿನ ಎಲ್ಲರೂ ಊರಿದೆವು.

ವರ್ಷವಿಡೀ ಹರಿಯುವ ನದಿಯಿಲ್ಲದ ಜಿಲ್ಲೆ ನಮ್ಮದು. 2018ರಲ್ಲಿ ಬೆಂಗಳೂರಿನವರು ಬಳಸಿ ಬಿಟ್ಟ ನೀರನ್ನೇ ಸಂಸ್ಕರಿಸಿ ಲಕ್ಷ್ಮೀಸಾಗರದ ಕೆರೆಗೆ ಹರಿಸಿದರು. ಅಷ್ಟು ದೂರದ ನೀರಿಗೆ ಕಾದವರು ನಾವು, ನಮ್ಮ ಅಡುಗೆಮನೆಯ ನೀರನ್ನು ಮಾತ್ರ ಕಂಡಿರಲಿಲ್ಲ.

ಬಳ್ಳಿ ಚಿಗುರಿತು. ಮೊದಲ ಬೊಗಸೆ ತೊಂಡೆಕಾಯಿ ಅಜ್ಜಿಯ ಸೆರಗಿಗೆ ಹಾಕಿದೆ.

"ಗುರುದಕ್ಷಿಣೆ ಏನಮ್ಮಾ?" ಎಂದು ನಕ್ಕರು.

ಹೌದೆಂದೆ.