ನೈಲ್ಸ್ ಕಣಿವೆಯ ಕುದುರೆ ಸವಾರ

ಸಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಪೂರ್ವದ ಕಡೆಗೆ ಫ್ರೀಮಾಂಟ್ ಎಂಬ ನಗರವುಂಟು. ಮಗನೋ ಮಗಳೋ ಅಲ್ಲಿ ಸಂಸಾರ ಹೂಡಿರುವ ಕಾರಣ ನಮ್ಮ ವಾಚಕರಲ್ಲಿ ಕೆಲವರಿಗೆ ಈ ಹೆಸರು ಹೊಸದಾಗಿರಲಾರದು. ಆದರೆ ಮಕ್ಕಳ ಮನೆಗೆ ಹೋಗಿಬಂದವರಲ್ಲಿ ಎಷ್ಟು ಮಂದಿ ಆ ನಗರದ ಅಂಚಿನಲ್ಲಿರುವ ನೈಲ್ಸನ್ನು ನೋಡಿರುವರೋ, ಸಂದೇಹ. 1956ರವರೆಗೆ ಇದು ಬೇರೆಯೇ ಊರಾಗಿದ್ದಿತು. ಒಂದು ಉದ್ದನೆಯ ಬೀದಿ, ಸಮೀಪದಲ್ಲಿ ರೈಲುದಾರಿ, ಹಿಂದೆ ಬೋಳುಗುಡ್ಡ, ಗುಡ್ಡದ ಮೈಮೇಲೆ ಊರ ಹೆಸರನ್ನು ಸಾರುವ ದೊಡ್ಡ ಬಿಳಿಯ ಅಕ್ಷರಗಳು; ನೋಡುವುದಕ್ಕೆ ಇಷ್ಟೆ. ಆದರೂ ಒಂದು ಕಾಲದಲ್ಲಿ ಕೌಬಾಯ್ ಎಂಬ ದನಗಾಹಿ ಸವಾರನ ಚಿತ್ರಗಳು ಲೋಕಕ್ಕೆಲ್ಲ ಹೊರಟುದು ಇಲ್ಲಿಂದ.

ಕಥೆಯ ಮೊದಲು ಮಾತ್ರ ಖಂಡದ ಇನ್ನೊಂದು ತುದಿಯಲ್ಲಿದೆ. 1903ರಲ್ಲಿ ಎಡಿಸನ್ ಕಂಪನಿಯ ಎಡ್ವಿನ್ ಎಸ್. ಪೋರ್ಟರ್ ಎಂಬಾತನು 'ದಿ ಗ್ರೇಟ್ ಟ್ರೇನ್ ರಾಬರಿ' ಎಂಬ ಮೂಕಚಿತ್ರವನ್ನು ತೆಗೆದನು. ಸುಮಾರು ಹನ್ನೆರಡು ನಿಮಿಷದ ಚಿತ್ರ. ದರೋಡೆಕೋರರು ರೈಲ್ವೆ ತಂತಿಯ ಗುಮಾಸ್ತನನ್ನು ಕಟ್ಟಿಹಾಕಿ, ರೈಲನ್ನು ಲೂಟಿಮಾಡಿ ಕುದುರೆಯೇರಿ ಓಡುವರು. ಇತ್ತ ತಂದೆಗೆ ಊಟ ತಂದ ಪುಟ್ಟ ಹುಡುಗಿ ಕಟ್ಟು ಬಿಚ್ಚಿ, ಮೋರೆಗೆ ನೀರೆರಚಿ ಅವನನ್ನು ಎಬ್ಬಿಸುವಳು. ಬಳಿಕ ಬೆನ್ನಟ್ಟುವಿಕೆ, ಗುಂಡಿನ ಕಾಳಗ. ಕಳ್ಳರ ನಾಯಕನು ನೇರವಾಗಿ ಪ್ರೇಕ್ಷಕರ ಕಡೆಗೇ ಪಿಸ್ತೂಲು ಹಾರಿಸುವ ತುಣುಕೊಂದಿದೆ. ಅದನ್ನು ಚಿತ್ರದ ಮೊದಲಲ್ಲಿಯೋ ಕೊನೆಯಲ್ಲಿಯೋ ಜೋಡಿಸುವುದು ಚಿತ್ರಮಂದಿರದವರ ಇಷ್ಟ! ತಮಾಷೆಯೆಂದರೆ, ದೂರ ಪಶ್ಚಿಮದ ಕಾಡುಮೇಡಿನದೆಂದು ಜನ ಬೆರಗಾಗಿ ನೋಡಿದ ಆ ಹೊರಾಂಗಣವು ನ್ಯೂಯಾರ್ಕಿನ ನೆರೆಯ ನ್ಯೂಜೆರ್ಸಿಯದು.

ಆ ಚಿತ್ರದಲ್ಲಿ ಮೂರು ಸಣ್ಣ ಪಾತ್ರಗಳನ್ನು ವಹಿಸಿದವನು ಗಿಲ್ಬರ್ಟ್ ಎಂ. ಆಂಡರ್ಸನ್. 1880ರಲ್ಲಿ ಆರ್ಕನ್ಸಾ ಸಂಸ್ಥಾನದ ಲಿಟಲ್ ರಾಕಿನಲ್ಲಿ ಯೆಹೂದ್ಯ ಕುಟುಂಬದಲ್ಲಿ ಜನಿಸಿದ ಇವನ ನಿಜನಾಮ ಮ್ಯಾಕ್ಸ್ ಆರನ್ಸನ್. ಕುದುರೆ ಸವಾರಿ ಚೆನ್ನಾಗಿ ಬರುವುದೆಂದು ಹೇಳಿ ಕೆಲಸಕ್ಕೆ ಸೇರಿ, ಏರಿದ ಕುದುರೆಯಿಂದಲೇ ಉರುಳಿದನೆಂದು ಪ್ರತೀತಿ. ಅಂಥವನು 1907ರಲ್ಲಿ ಜಾರ್ಜ್ ಕೆ. ಸ್ಪೂರ್ ಎಂಬಾತನೊಡನೆ ಶಿಕಾಗೋವಿನಲ್ಲಿ ಚಿತ್ರಕಂಪನಿ ಕಟ್ಟಿದನು. ಇಬ್ಬರ ಹೆಸರಿನ ಮೊದಲಕ್ಷರಗಳು 'ಎಸ್' ಮತ್ತು 'ಎ'; ಕೂಡಿಸಿ ಉಚ್ಚರಿಸಿದಾಗ 'ಎಸ್ಸನೇ' ಆಯಿತು.

ಸ್ಪೂರ್ ಶಿಕಾಗೋವಿನಲ್ಲಿ ಕುಳಿತು ವ್ಯವಹಾರ ನೋಡಿಕೊಂಡನು. ಆಂಡರ್ಸನ್ನನಿಗೆ ಮಾತ್ರ ಬಣ್ಣದ ಪರದೆಯ ಬೆಟ್ಟ ಸಾಲದಾಯಿತು. ತಂಡವನ್ನು ಕಟ್ಟಿಕೊಂಡು ಪಶ್ಚಿಮದಲ್ಲೆಲ್ಲ ಅಲೆದು 1912ರಲ್ಲಿ ನೈಲ್ಸಿಗೆ ಬಂದನು. ಅಲಮೀಡಾ ಹೊಳೆ ಕೊರೆದ ಕಣಿವೆ, ತಿರುವಿನ ಹಾದಿ, ಬೇಸಗೆಯಲ್ಲಿ ಹೊಂಬಣ್ಣಕ್ಕೆ ತಿರುಗುವ ಹುಲ್ಲಿನ ಗುಡ್ಡ, 1869ರಿಂದಲೂ ಕಣಿವೆಯಲ್ಲಿ ಹಾಯುವ ರೈಲು: ಓಡುವ ಕಳ್ಳನಿಗೂ ಅಟ್ಟುವ ಅಧಿಕಾರಿಗೂ ಇನ್ನೇನು ಬೇಕು? ಬಿಸಿಲನ್ನೇ ನೆಚ್ಚಿದ ಅಂದಿನ ಛಾಯಾಗ್ರಾಹಕರಿಗೆ ಬಿಸಿಲೂ ಧಾರಾಳ. 1913ರಲ್ಲಿ ಸ್ಟುಡಿಯೋ ಎದ್ದಿತು. ಪಕ್ಕದಲ್ಲಿ ನಟರಿಗೆ ಪುಟ್ಟ ಮನೆಗಳು. ನಾಯಕ 'ಬ್ರಾಂಕೋ ಬಿಲ್ಲಿ'ಯಾಗಿ ಆಂಡರ್ಸನ್ನನೇ ನಟಿಸಿದನು. ಬಿಲ್ಲಿ ಅನೇಕ ವೇಳೆ ಕಳ್ಳನೇ. ಆದರೆ ಕಾಯಿಲೆಯವರೋ ದಿಕ್ಕಿಲ್ಲದ ಮಗುವೋ ಎದುರಾದರೆ, ತನಗೆ ಸೆರೆಯಾದರೂ ಸರಿಯೆಂದು ನೆರವಿಗೆ ನಿಲ್ಲುವನು. ಕಾಲುಗಂಟೆಯ ಚಿತ್ರದಲ್ಲಿ ಮನೆಮಂದಿಯ ಕಣ್ಣು ಒದ್ದೆಯಾಗಲು ಇಷ್ಟು ಸಾಕು. ಪೋರ್ಟರನ ಕಳ್ಳರಿಗೆ ಇಲ್ಲದ ಹೃದಯ ಇವನಿಗಿದ್ದಿತು. ನನ್ನ ಮಟ್ಟಿಗೆ ಆಂಡರ್ಸನ್ನನ ನಿಜವಾದ ಸಂಪಾದನೆ ಇದೇ.

1915ರ ಆರಂಭದಲ್ಲಿ ವಾರಕ್ಕೆ 1250 ಡಾಲರ್ ಸಂಬಳದ ಮೇಲೆ ಚಾರ್ಲಿ ಚಾಪ್ಲಿನ್ ಎಸ್ಸನೇ ಸೇರಿದನು. ಹಳ್ಳಿಯ ವಾಸ ಅವನಿಗೆ ರುಚಿಸಲಿಲ್ಲ. ನೈಲ್ಸಿನಲ್ಲಿ ಐದು ಚಿತ್ರ ಮುಗಿಸಿ ಲಾಸ್ ಏಂಜಲೀಸಿಗೆ ಹೊರಟುಹೋದನು. ಆದರೆ ಅವುಗಳಲ್ಲಿ 'ದಿ ಟ್ರ್ಯಾಂಪ್' ಒಂದು.

1916ರ ಫೆಬ್ರವರಿಯಲ್ಲಿ ನೈಲ್ಸಿನ ಸ್ಟುಡಿಯೋ ಬಾಗಿಲು ಮುಚ್ಚಿತು. ಆಂಡರ್ಸನ್ ತನ್ನ ಪಾಲನ್ನು ಮಾರಿ ಹೊರಬಂದನು. ಇಲ್ಲಿ ತಯಾರಾದ ಮುನ್ನೂರಕ್ಕೂ ಮೇಲ್ಪಟ್ಟ ಚಿತ್ರಗಳಲ್ಲಿ ಬಹುಪಾಲು ಇಂದು ಇಲ್ಲ. ಆ ಕಾಲದ ನೈಟ್ರೇಟ್ ಫಿಲ್ಮು ಬಲುಬೇಗ ಬೆಂಕಿ ಹಿಡಿಯುವಂಥದು, ಇಟ್ಟಲ್ಲೇ ಕೊಳೆಯುವಂಥದು. ಮೇಲಾಗಿ ಓಡಿ ಹಳತಾದ ಚಿತ್ರವನ್ನು ಕಾಪಾಡಬೇಕೆಂಬ ಯೋಚನೆ ಯಾರಿಗೂ ಇರಲಿಲ್ಲ. ಸ್ಟುಡಿಯೋ ಕಟ್ಟಡವನ್ನೂ 1933ರಲ್ಲಿ ಕೆಡವಿದರು. ಮರೆತುಹೋಗಿದ್ದ ಆಂಡರ್ಸನ್ನನಿಗೆ 1958ರಲ್ಲಿ ಗೌರವ ಆಸ್ಕರ್ ಸಂದಿತು. 1971ರಲ್ಲಿ ಅವನು ತೀರಿಕೊಂಡನು.

ಆದರೆ ಊರು ಅವನನ್ನು ಬಿಟ್ಟುಕೊಟ್ಟಿಲ್ಲ. ನಟರ ಪುಟ್ಟ ಮನೆಗಳಲ್ಲಿ ಕೆಲವು ಇನ್ನೂ ನಿಂತಿವೆ. 1913ರ ಎಡಿಸನ್ ಚಿತ್ರಮಂದಿರದಲ್ಲಿ ಈಗ ಮೂಕಚಿತ್ರಗಳ ವಸ್ತುಸಂಗ್ರಹಾಲಯವಿದೆ. ಶನಿವಾರದ ಸಂಜೆ ಅಲ್ಲಿ ಪಿಯಾನೋ ನುಡಿಸುತ್ತ ಹಳೆಯ ಚಿತ್ರಗಳನ್ನು ತೋರಿಸುವರು. ಹಗಲಿನಲ್ಲಿ ಹೋದವರು ಕಣಿವೆಯ ಹಳೆಯ ರೈಲನ್ನು ಏರಬಹುದು. 1988ರಿಂದ ಉತ್ಸಾಹಿಗಳ ಸಂಘವೊಂದು ಅದನ್ನು ನೈಲ್ಸಿಗೂ ಸುನೋಲಿಗೂ ನಡುವೆ ಓಡಿಸುತ್ತಿದೆ. ಕಿಟಕಿಯಾಚೆ ಹೊಳೆಯ ಮಗ್ಗುಲಿಗೇ ಮೋಟಾರು ರಸ್ತೆ ಕಾಣುವುದು. 'ದಿ ಟ್ರ್ಯಾಂಪ್' ಚಿತ್ರದ ಕೊನೆಯಲ್ಲಿ ಚಾಪ್ಲಿನ್ ಬೆನ್ನು ತಿರುಗಿಸಿ, ಭುಜ ಕುಣಿಸಿ, ಒಬ್ಬನೇ ನಡೆದುಹೋದುದು ಈ ಕಣಿವೆಯ ಹಾದಿಯಲ್ಲಿಯೇ.