ಹಕ್ಕಿ ಕಾಯೋ ಕೆಲಸ

ಹಕ್ಕಿ ನೋಡುವುದು ನಮ್ಮ ಘಾಟಬೋರಾಳಕ್ಕೆ ಹೊಸದೇನಲ್ಲ. ಜೋಳ ಹಾಲುಗಾಳು ಕಟ್ಟುವ ಹೊತ್ತಿಗೆ ಹೊಲದ ನಡುವೆ ಮಂಚಿಗೆ ಏಳುತ್ತಿತ್ತು. ಮೇಲೆ ಶಾಲೆ ತಪ್ಪಿಸಿದ ನಾವು. ಕೈಯಲ್ಲಿ ಕವಣೆ, ಕಾಲ ಬಳಿ ಮೊರಂ ಕಲ್ಲಿನ ಗುಡ್ಡೆ. ನಸುಕಿಗೇ ಹತ್ತಿ ಕೂತರೆ ಬಿಸಿಲೇರುವತನಕ ‘ಹೋ’ ಎಂದು ಕೂಗುವುದು, ಕಲ್ಲು ಬೀಸುವುದು. ಯಾವ ಹಿಂಡು ಯಾವ ದಿಕ್ಕಿನಿಂದ ಇಳಿಯುತ್ತದೆ ಎಂಬುದು ಮಗ್ಗಿಗಿಂತ ಚೆನ್ನಾಗಿ ಬರುತ್ತಿತ್ತು.

ಈಗ ಸೀಗೆಹುಣ್ಣಿಮೆ ಕಳೆದ ಮೇಲೆ ಕೊರಳಿಗೆ ದುರ್ಬೀನು ಹಾಕಿಕೊಂಡು ಹೊಲದ ಮೇಲಿನ ದಿಬ್ಬ ಹತ್ತುತ್ತೇನೆ. ಒಮ್ಮೆ ದಾರಿಯಲ್ಲಿ ಸಿಕ್ಕ ಕಾಕಾ ಕೇಳಿದರು: “ಏನೋ ತಮ್ಮಾ, ಎಮ್ಮಿ ಕಳದದೇನು?”

“ಇಲ್ಲ ಕಾಕಾ, ಹಕ್ಕಿ ನೋಡ್ಲಾಕ ಹೊಂಟೀನಿ.”

“ಹೊಲದಾಗ ಜ್ವಾಳೇ ಇಲ್ಲ, ಹಕ್ಕಿ ಯಾಕ ಕಾಯ್ತಿ?”

ಉತ್ತರ ಹೊಳೆಯಲಿಲ್ಲ. ದಿಬ್ಬದ ಮೇಲೆ ಒಣಗುತ್ತಿರುವ ಹುಲ್ಲು, ಕೆಂಪು ಮೊರಂ, ಕೆಳಗೆ ಹಳದಿ ಹೂ ಬಿಟ್ಟ ತೊಗರಿ. ಅಲ್ಲಿಯ ಯಜಮಾನ ನೆಲಗುಬ್ಬಿ. ಗಂಡಿಗೆ ಬೂದಿ ನೆತ್ತಿ, ಬಿಳಿ ಕೆನ್ನೆ, ಕಣ್ಣಗುಂಟ ಕರಿಗೆರೆ, ಹೊಟ್ಟೆ ಪೂರಾ ಕಪ್ಪು. ಪಟಪಟ ರೆಕ್ಕೆ ಬಡಿದು ಮೇಲೇರುತ್ತದೆ, ರೆಕ್ಕೆ ಮಡಚಿ ಸಿಳ್ಳೆ ಹಾಕುತ್ತಾ ಕಲ್ಲಿನಂತೆ ಬೀಳುತ್ತದೆ, ನೆಲ ಮುಟ್ಟಿತು ಅನ್ನುವಾಗ ಮತ್ತೆ ಏರುತ್ತದೆ. ಹೆಣ್ಣು ಮಣ್ಣಿನ ಬಣ್ಣದ್ದು. ಅಲುಗದಿದ್ದರೆ ಕಾಲಡಿಯಲ್ಲಿದ್ದರೂ ಕಾಣದು.

ಈ ಸೀಮೆ ನಿಜಾಮರ ಹೈದರಾಬಾದಿಗೆ ಸೇರಿದ್ದಾಗ, 1931–32ರಲ್ಲಿ, ಸಲೀಂ ಅಲಿ ಆ ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ನಡೆಸಿದರು. ಅಂದಿನ ಪಕ್ಷಿಶಾಸ್ತ್ರಕ್ಕೆ ಕೋವಿ ಬೇಕೇಬೇಕು: ಹೊಡೆದು, ಚರ್ಮ ಸುಲಿದು, ಹತ್ತಿ ತುಂಬಿ, ಕಾಲಿಗೆ ಚೀಟಿ ಕಟ್ಟಬೇಕು. ನಮ್ಮ ಕವಣೆಯೇ ವಾಸಿ. ಅದರ ಕಲ್ಲು ಹಕ್ಕಿಗೆ ತಗಲಿದ್ದು ಅಪರೂಪ.

ನಮ್ಮ ಮುಖ್ಯ ವೈರಿ ಗುಲಾಬಿ ಕಬ್ಬಕ್ಕಿ. ಮಾಸಿದ ಗುಲಾಬಿ ಮೈ, ಕರಿ ತಲೆ, ಕರಿ ರೆಕ್ಕೆ. ನೂರಾರು ಒಟ್ಟಿಗೆ ಇಳಿದರೆ ತೆನೆ ಬರಿದು. ಅದರ ತವರು ಮಧ್ಯ ಏಷ್ಯಾದ ಕಡೆ ಎಂದು ದೊಡ್ಡವನಾದ ಮೇಲೆ ಓದಿದೆ. ಅಲ್ಲಿ ಅದು ಮಿಡತೆ ತಿಂದು ಮರಿ ಸಾಕುತ್ತದೆ. ಚೀನಾದ ಷಿನ್‌ಜಿಯಾಂಗ್‌ನಲ್ಲಂತೂ ಮಿಡತೆ ಕಾಟಕ್ಕೆ ಮದ್ದೆಂದು ಅದು ಗೂಡು ಕಟ್ಟಲು ಕಲ್ಲಿನ ಗುಡ್ಡೆ ಹಾಕಿಕೊಡುತ್ತಾರೆ. ಅಲ್ಲಿ ಅಳಿಯನ ಉಪಚಾರ, ಇಲ್ಲಿ ಕವಣೆಗಲ್ಲು! ಹಕ್ಕಿಯೇನೂ ಬೇಸರ ಮಾಡಿಕೊಳ್ಳದೆ ವರ್ಷವರ್ಷ ಬರುತ್ತಿತ್ತು.

ಈಗ ಮುಂಗಾರಿಗೆ ಎಲ್ಲಿ ನೋಡಿದರೂ ಸೋಯಾ. ಅದನ್ನು ಹಕ್ಕಿಯಿಂದ ಕಾಯಬೇಕಿಲ್ಲ, ಹಾಗಾಗಿ ಮಂಚಿಗೆಯೂ ಇಲ್ಲ. ಆದರೆ ಈ ಸಲ ಕಾಕಾ ದಿಬ್ಬದ ಕೆಳಗೆ ಒಂದು ತುಂಡು ಹೊಲಕ್ಕೆ ಬಿಳಿಜೋಳ ಬಿತ್ತಿದ್ದಾರೆ. ಎಳ್ಳಮಾಸಿ ದಾಟಿ ಕಾಳು ಕಟ್ಟಿದಾಗ ನಾನೇ ಕಾಯಲು ಬರುತ್ತೇನೆ ಅಂದೆ. ಅವರು ದುರ್ಬೀನನ್ನೂ ನನ್ನ ತೋಳನ್ನೂ ನೋಡಿ, “ಕವಣಿ ಬೀಸ್ಲಾಕ ಇನ್ನಾ ಬರ್ತದೇನು ನಿನಗ?” ಅಂದರು.