62 ಸಾವಿರದ ಕಾರಿಗೆ 88 ಸಾವಿರ ಹೇಗಾಯ್ತು

ಈ ವಾರ ತೋಟದ ವಿಚಾರ ಬರೀತಿಲ್ಲ. ಹೋದ ತಿಂಗಳು ನಮ್ಮ ಮನೆಗೆ 2011ರ ಒಂದು ಮಾರುತಿ 800 ಬಂತು. ಡೈರಿ ಹತ್ರ ಸಿಕ್ಕೋರೆಲ್ಲ "ಎಷ್ಟಕ್ಕೆ ತಗೊಂಡ್ರಿ, ಎಲ್ಲಿ ತಗೊಂಡ್ರಿ" ಅಂತ ಕೇಳ್ತಾನೇ ಇದ್ದಾರೆ. ಕೊಬ್ಬರಿ ದುಡ್ಡು ಕೈಗೆ ಬಂದಿರೋ ಮನೆಗಳಲ್ಲಿ ಹುಡುಗರು ಕಾರು ಕಾರು ಅಂತ ಹಿಡಿದು ಕೂತಿದ್ದಾರೆ. ಒಬ್ಬೊಬ್ಬರಿಗೆ ಹೇಳೋ ಬದಲು ಪೂರ್ತಿ ಬರೆದುಬಿಡ್ತೀನಿ, ನಾನು ಮಾಡಿದ ತಪ್ಪೂ ಸೇರಿಸಿ.

ನನ್ನ ಮಗನಿಗೆ 22 ವರ್ಷ. ಐಟಿಐ ಮುಗಿಸಿ ಪೀಣ್ಯದಲ್ಲಿ ಒಂದೂವರೆ ವರ್ಷ ದುಡಿದು, ರೂಮಿನ ಬಾಡಿಗೆ ಊಟ ಎಲ್ಲ ಕಳೆದು 60,000 ಉಳಿಸಿಕೊಂಡು ಊರಿಗೆ ಬಂದ. ಬಂದವನೇ ಹಳೇ ಕಾರು ತಗೋತೀನಿ ಅಂದ. ನಾನು ಬೈದೆ. ಕೊಟ್ಟಿಗೆ ಶೀಟು ತೂತು ಬಿದ್ದು ಸೋರ್ತಾ ಇದೆ, ನಿನಗೆ ಕಾರಿನ ಶೋಕಿಯಾ ಅಂದೆ. ಅದಕ್ಕೆ ಅವನು ಅವ್ವನ ವಿಚಾರ ಎತ್ತಿದ.

ಹೋದ ಶ್ರಾವಣದಲ್ಲಿ ನಮ್ಮ ಅವ್ವನಿಗೆ ರಾತ್ರಿ ಹನ್ನೊಂದು ಗಂಟೆಗೆ ಉಸಿರು ಹಿಡ್ಕೊಂಡಿತು. ಯಾರ್ಯಾರಿಗೋ ಫೋನ್ ಮಾಡಿ ಒಂದು ಗಾಡಿ ಸಿಗೋ ಹೊತ್ತಿಗೆ ಒಂದೂವರೆ ಗಂಟೆ ಆಯ್ತು. ರಜಕ್ಕೆ ಬಂದಿದ್ದ ಮಗ ಅಷ್ಟು ಹೊತ್ತೂ ಜಗುಲಿ ಮೇಲೆ ಅಜ್ಜಿ ಬೆನ್ನು ನೀವ್ತಾ ಕೂತಿದ್ದ. "ಅವತ್ತೇ ತೀರ್ಮಾನ ಮಾಡಿದ್ದೆ ಕಣಪ್ಪ" ಅಂದ. ಸ್ನೇಹಿತರ ಜೊತೆ ಸುತ್ತೋ ಆಸೆಯೂ ಅದರ ಜೊತೆಗೆ ಇತ್ತು, ಇರಲಿ, ವಯಸ್ಸು. ನಾನು 30,000 ಸೇರಿಸ್ತೀನಿ, ಒಟ್ಟು 90,000, ಅದರ ಮೇಲೆ ಒಂದು ರೂಪಾಯಿ ಸಾಲ ಮಾಡೋ ಹಾಗಿಲ್ಲ ಅಂತ ಮಾತಾಯ್ತು.

ಮೊದಲು ನೋಡಿದ್ದು ಪೇಟೆಯಲ್ಲಿ ಒಬ್ಬ ದಲ್ಲಾಳಿ ನಿಲ್ಲಿಸಿದ್ದ ಆಲ್ಟೋ. ಕನ್ನಡಿ ಹಾಗೆ ಹೊಳೀತಿತ್ತು. ಹೇಳಿದ ರೇಟು 85,000. ಮಗನ ಕಣ್ಣು ಅದರಿಂದ ಕೀಳಲೇ ಇಲ್ಲ. ನಾನು ಬಾನೆಟ್ ಮೇಲೆ ಕೈ ಇಟ್ಟೆ, ಬಿಸಿ ಇತ್ತು. ಅಂದ್ರೆ ನಾವು ಬರೋ ಮುಂಚೆಯೇ ಸ್ಟಾರ್ಟ್ ಮಾಡಿ ಇಟ್ಟಿದ್ರು. ಆರ್‌ಸಿ ಕೇಳಿದ್ರೆ ಬೇರೆ ಯಾರದ್ದೋ ಹೆಸರು. ಸಹಿ ಹಾಕಿದ ಖಾಲಿ 29, 30 ನಂಬರಿನ ಫಾರಂ ತೋರಿಸಿ, "ಗಾಡಿ ಓಡಿಸ್ಕೊಳ್ಳಿ, ಹೆಸರು ನಿಧಾನಕ್ಕೆ ಮಾಡಿಸ್ಕೊಂಡ್ರೆ ಆಯ್ತು" ಅಂದ. ಅಷ್ಟರಲ್ಲಿ ಮಗ ಅಡ್ವಾನ್ಸ್ ಕೊಡೋಕೆ ಜೇಬಿಗೆ ಕೈ ಹಾಕಿದ್ದ. ನಾನು ಎಲ್ಲರ ಮುಂದೆ "ನಿನಗೇನೋ ಗೊತ್ತು, ಮುಚ್ಕೊಂಡು ನಡಿ" ಅಂತ ರಟ್ಟೆ ಹಿಡಿದು ಎಳ್ಕೊಂಡು ಬಂದೆ. ಅವನು ಮೂರು ದಿನ ನನ್ನ ಹತ್ರ ಮಾತಾಡಲಿಲ್ಲ.

ನಾಲ್ಕನೇ ದಿನ ನಮ್ಮ ಮನೆಯವರು ಕೇಳಿದ್ರು: "ಬೇಡ ಅಂದಿದ್ದು ಸರಿ. ಯಾಕೆ ಬೇಡ ಅಂತ ಅವನಿಗೆ ಹೇಳಿದ್ರಾ?" ಹೇಳಿರಲಿಲ್ಲ.

ಹನ್ನೊಂದು ವರ್ಷದ ಹಿಂದೆ ನಾನು ಹಳೇ ಮೊಪೆಡ್ ಒಂದನ್ನ ಹೀಗೇ ಫಾರಂಗೆ ಸಹಿ ಹಾಕಿ ಮಾರಿದ್ದೆ. ತಗೊಂಡವನು ಹೆಸರು ಬದಲಾಯಿಸದೆ ಇನ್ನೊಬ್ಬನಿಗೆ ಕೊಟ್ಟ. ಅವನು ಒಬ್ಬ ಮುದುಕರಿಗೆ ಗುದ್ದಿದ. ನೋಟಿಸ್ ಬಂದಿದ್ದು ನಮ್ಮ ಮನೆಗೆ. ಕೋರ್ಟು, ವಕೀಲರು, ಓಡಾಟ ಅಂತ ಎರಡು ವರ್ಷ ಅಲೆದು, ಮೊಪೆಡ್ ಮಾರಿದ ದುಡ್ಡಿನ ಮೂರರಷ್ಟು ಕಳ್ಕೊಂಡೆ. ನಾಚಿಕೆಗೆ ಮನೆಯಲ್ಲಿ ಮಕ್ಕಳಿಗೆ ಹೇಳಿರಲಿಲ್ಲ. ಅವತ್ತು ರಾತ್ರಿ ಟ್ರಂಕಿನಿಂದ ಆ ನೋಟಿಸ್ ತೆಗೆದು ಮಗನ ಕೈಗೆ ಕೊಟ್ಟೆ. ಅವನು ಪೂರ್ತಿ ಓದಿದ. "ಇದನ್ನ ಮೊದಲೇ ಹೇಳಿದ್ರೆ ನಾನು ಆ ಅಂಗಳಕ್ಕೇ ಹೋಗ್ತಿರಲಿಲ್ಲ" ಅಂದ.

ಇದು ನನ್ನೊಬ್ಬನ ಕಥೆ ಅಂದ್ಕೋಬೇಡಿ. ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಕಾನೂನಿನ ಕಣ್ಣಿಗೆ ಅವನೇ ಮಾಲೀಕ ಅಂತ 2018ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಮಾರೋರಿಗೂ ತಗೊಳ್ಳೋರಿಗೂ ಇದೇ ಮೊದಲ ಪಾಠ.

ನಮ್ಮಪ್ಪ ನನಗೆ 17 ಇದ್ದಾಗ ಸಿದ್ಧಗಂಗೆ ಜಾತ್ರೆಗೆ ಎತ್ತು ತರೋಕೆ ಕರ್ಕೊಂಡು ಹೋಗಿದ್ರು. ಹಲ್ಲು ನೀನೇ ಎಣಿಸು, ನಡೆಸಿ ನೀನೇ ನೋಡು, ಐಬು ಏನಿದೆ ನನ್ನ ಕಿವಿಯಲ್ಲಿ ಹೇಳು ಅಂದ್ರು. ಆಮೇಲೇ ಟವೆಲ್ ಕೆಳಗೆ ಕೈ ಕೊಟ್ಟಿದ್ದು. ನನ್ನ ಮಗನಿಗೆ ನಾನು ಆ ಅವಕಾಶ ಕೊಟ್ಟಿರಲಿಲ್ಲ. ಅದಕ್ಕೆ ಎರಡನೇ ಸಲ ಹೊರಟಾಗ "ನೀನೇ ನೋಡು, ನೀನೇ ಕೇಳು, ನಾನು ಪಕ್ಕದಲ್ಲಿ ನಿಂತಿರ್ತೀನಿ" ಅಂದೆ. ಹೇಗಿದ್ರೂ ನನಗೆ ಕಾರು ಓಡಿಸೋಕೆ ಬರಲ್ಲ.

ಎರಡನೇದು ಅರಸೀಕೆರೆ ಕಡೆ ರಿಟೈರ್ಡ್ ಮೇಷ್ಟ್ರೊಬ್ಬರ ಮಾರುತಿ 800. ಬಣ್ಣ ಮಾಸಿದೆ, ಬಲಗಡೆ ಬಾಗಿಲು ಗೀಚಿದೆ. ಹೇಳಿದ್ದು 75,000. ಈ ಕಾರು ತಯಾರಾಗೋದು 2014ರಲ್ಲೇ ನಿಂತುಹೋಯ್ತು, ಆದ್ರೆ ಸಾಮಾನು ಸಣ್ಣ ಪೇಟೆಯಲ್ಲೂ ಸಿಗುತ್ತೆ, ರಿಪೇರಿ ಎಲ್ಲ ಮೆಕ್ಯಾನಿಕ್‌ಗಳಿಗೂ ಗೊತ್ತು. ನಮ್ಮೂರ ಮೆಕ್ಯಾನಿಕ್‌ಗೆ 500 ಕೊಟ್ಟು ಜೊತೆಗೆ ಕರ್ಕೊಂಡು ಹೋಗಿದ್ವಿ. ಮಗ ಅವರ ಹತ್ರ ಕೇಳಿ ಕೇಳಿ ನೋಡಿದ್ದನ್ನ ಹಾಗೇ ಬರೀತೀನಿ:

ಬೆಳಿಗ್ಗೆ ಏಳು ಗಂಟೆಗೇ ಹೋದ್ವಿ, ನಾವು ಬರೋ ತನಕ ಸ್ಟಾರ್ಟ್ ಮಾಡಬೇಡಿ ಅಂತ ಹಿಂದಿನ ದಿನವೇ ಹೇಳಿದ್ವಿ. ಇಂಜಿನ್ ತಣ್ಣಗಿದ್ದಾಗ ಒಂದೇ ಸಲಕ್ಕೆ ಹತ್ತುತ್ತಾ ನೋಡಬೇಕು.

ಸೈಲೆನ್ಸರ್ ಹಿಂದೆ ಒಬ್ಬರು ನಿಲ್ಲಬೇಕು. ನೀಲಿ ಹೊಗೆ ಬಂದ್ರೆ ಇಂಜಿನ್ ಆಯಿಲ್ ಉರೀತಿದೆ ಅಂತ. ಚಳಿಯಲ್ಲಿ ಮೊದಲು ಸ್ವಲ್ಪ ಬಿಳಿ ಆವಿ ಬರೋದು ಸಹಜ, ಬಿಸಿಯಾದ ಮೇಲೂ ದಟ್ಟವಾಗಿ ಬರ್ತಾನೇ ಇದ್ರೆ ಒಳಗೆ ನೀರು ಸೇರ್ತಿರಬಹುದು.

ಸ್ಟಾರ್ಟ್ ಮಾಡೋಕೆ ಮುಂಚೆಯೇ ಆಯಿಲ್ ಮುಚ್ಚಳ ತೆಗೆದು ನೋಡಬೇಕು. ಒಳಗೆ ಹಾಲು ಹಾಕಿದ ಕಾಫಿ ಬಣ್ಣ ಕಂಡ್ರೆ ಆಯಿಲ್‌ಗೆ ನೀರು ಸೇರಿರೋ ಅನುಮಾನ.

ಕಾಲಡಿ ಮ್ಯಾಟ್ ಎತ್ತಿ ನೋಡಬೇಕು, ಡಿಕ್ಕಿಯಲ್ಲಿ ಸ್ಟೆಪ್ನಿ ತೆಗೆದು ಅದರ ಅಡಿ ನೋಡಬೇಕು. ಹಳೇ ಕಾರಿಗೆ ತುಕ್ಕೇ ಗೆದ್ದಲು. ಮೇಷ್ಟ್ರ ಕಾರಲ್ಲಿ ಡ್ರೈವರ್ ಸೀಟಿನ ಮುಂದೆ ಅಂಗೈ ಅಗಲ ತುಕ್ಕಿತ್ತು, ತೂತು ಬಿದ್ದಿರಲಿಲ್ಲ.

ಟೈರ್ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತೆ. 2317 ಅಂದ್ರೆ 2017ರ 23ನೇ ವಾರದಲ್ಲಿ ಆಗಿದ್ದು. ಹಲ್ಲು ಚೆನ್ನಾಗಿದ್ರೂ ವಯಸ್ಸಾದ ಟೈರ್ ರಬ್ಬರು ಬಿರುಕು ಬಿಡುತ್ತೆ. ಇದರಲ್ಲಿ ಎರಡು ಹಾಗಿದ್ವು.

ಮೀಟರ್ ಓದಿ ನಂಬಬಾರದು, ಅದನ್ನ ತಿರುಗಿಸೋರಿದ್ದಾರೆ. ಸರ್ವಿಸ್ ಬಿಲ್ ನೋಡಬೇಕು. ಮೇಷ್ಟ್ರು ಒಂದು ಪ್ಲಾಸ್ಟಿಕ್ ಕವರಲ್ಲಿ ಎಲ್ಲ ಬಿಲ್ಲೂ ಇಟ್ಟಿದ್ರು. ನನಗೆ ಕಾರಿಗಿಂತ ಆ ಕವರ್ ನೋಡಿ ಧೈರ್ಯ ಬಂತು.

ಆರ್‌ಸಿಯಲ್ಲಿರೋ ಚಾಸಿಸ್ ನಂಬರು, ಇಂಜಿನ್ ನಂಬರು ಗಾಡಿಯ ಮೇಲೆ ಕೊರೆದಿರೋದಕ್ಕೆ ಒಂದೊಂದು ಅಂಕಿ ತಾಳೆ ಹಾಕಬೇಕು. ಬ್ಯಾಂಕ್ ಸಾಲ ನಮೂದಾಗಿದ್ರೆ ಬ್ಯಾಂಕಿನ ಎನ್‌ಒಸಿ ಇಲ್ಲದೆ ಮುಂದೆ ಹೋಗಬಾರದು. ಬಾಕಿ ದಂಡ ಇದೆಯಾ ಅಂತ ಮಗ ಫೋನಲ್ಲೇ ನೋಡಿದ.

ಆಮೇಲೆ ಅವನು ನನ್ನ ಕೂರಿಸ್ಕೊಂಡು ಓಡಿಸಿದ. ವಾಪಸ್ ಬಂದು ನನ್ನ ಕಿವಿಯಲ್ಲಿ, "ಬ್ರೇಕ್ ಹಿಡಿದ್ರೆ ಎಡಕ್ಕೆ ಎಳೀತಿದೆ. ಎರಡು ಟೈರ್ ಹೋಗಿದೆ. ಬ್ಯಾಟರಿ ಸೋತಿದೆ. ಇಂಜಿನ್ ಚೆನ್ನಾಗಿದೆ. 60 ಕೇಳ್ಲಾ?" ಅಂದ. ಕೇಳು ಅಂದೆ. ಇನ್ನೊಂದು ಮಾತನ್ನೂ ಅವನೇ ಇಟ್ಟ: 2011ರ ಗಾಡಿ ಆದ್ದರಿಂದ 15 ವರ್ಷ ತುಂಬೋಕೆ ಬಂತು, ಆರ್‌ಸಿ ರಿನ್ಯೂ ಖರ್ಚು ನಮ್ಮ ತಲೆ ಮೇಲೇ ಬೀಳುತ್ತೆ ಸಾರ್ ಅಂತ. 2022ರ ಏಪ್ರಿಲ್‌ನಿಂದ 15 ವರ್ಷ ದಾಟಿದ ಕಾರಿನ ಆರ್‌ಸಿ ರಿನ್ಯೂ ಫೀಸು 600ರಿಂದ 5,000ಕ್ಕೆ ಏರಿದೆ. ಎಫ್‌ಸಿ, ಹಸಿರು ತೆರಿಗೆ ಬೇರೆ. ರಿನ್ಯೂ ಆದ್ರೂ ಐದು ವರ್ಷಕ್ಕೆ ಮಾತ್ರ. ಮೇಷ್ಟ್ರು ಸ್ವಲ್ಪ ಹೊತ್ತು ಯೋಚನೆ ಮಾಡಿ 62,000ಕ್ಕೆ ಒಪ್ಪಿದ್ರು. ಹೆಸರು ವರ್ಗಾವಣೆಗೆ ತಾವೇ ಜೊತೆಗೆ ನಿಂತು ಸಹಿ ಹಾಕಿದ ಮೇಲೆಯೇ ಪೂರ್ತಿ ದುಡ್ಡು ತಗೊಂಡ್ರು.

ಈಗ ಲೆಕ್ಕ. ಕಾರು 62,000. ಮೆಕ್ಯಾನಿಕ್ 500. ವರ್ಗಾವಣೆ ಫೀಸು, ಓಡಾಟ 1,300. ಎರಡು ಟೈರ್ 5,600. ಬ್ಯಾಟರಿ 3,400. ಟೈಮಿಂಗ್ ಬೆಲ್ಟ್, ಆಯಿಲ್, ಬ್ರೇಕ್ ಕೆಲಸ, ಮಜೂರಿ ಎಲ್ಲ ಸೇರಿ 4,300. ಹಳೇ ಇನ್ಶೂರೆನ್ಸ್ ಮುಗಿದಿತ್ತು, ಮಗನ ಹೆಸರಲ್ಲಿ ಹೊಸದು 2,900. ಆರ್‌ಸಿ ರಿನ್ಯೂಗೆ ಅಂತ ಎತ್ತಿಟ್ಟಿದ್ದು 8,000. ಒಟ್ಟು 88,000. ಆ ಆಲ್ಟೋಗೆ 85,000 ಕೊಟ್ಟಿದ್ರೆ ಟೈರಿಗೂ ಇನ್ನೊಬ್ಬರ ಹತ್ರ ಕೈ ಚಾಚಬೇಕಿತ್ತು. ಹಳೇ ಕಾರಿಗೆ ಅಂತ ಇರೋ ದುಡ್ಡಲ್ಲಿ ಮೂರರಲ್ಲೊಂದು ಭಾಗ ಜೇಬಲ್ಲೇ ಉಳಿಸ್ಕೊಂಡು ವ್ಯಾಪಾರಕ್ಕೆ ಹೋಗಿ. ಇದೊಂದು ಮಾತು ನೆನಪಿಟ್ಕೊಂಡ್ರೆ ಸಾಕು.

ಇನ್ಶೂರೆನ್ಸ್ ವಿಚಾರ ಇನ್ನೊಂದು. ನಾವು ಮಾಡಿಸಿರೋದು ಥರ್ಡ್ ಪಾರ್ಟಿ. ನಮ್ಮಿಂದ ಬೇರೆಯವರಿಗೆ ಆದ ತೊಂದರೆಗೆ ಅದು ಬರುತ್ತೆ, ನಮ್ಮ ಗಾಡಿ ಜಜ್ಜಿ ಹೋದ್ರೆ ಒಂದು ಪೈಸೆ ಬರಲ್ಲ. ಹಳೇ ಪಾಲಿಸಿ ಚಾಲ್ತಿಯಲ್ಲಿದ್ರೆ ಗಾಡಿ ಕೈ ಬದಲಾದ 14 ದಿನದೊಳಗೆ ಅದನ್ನ ನಿಮ್ಮ ಹೆಸರಿಗೆ ಮಾಡೋಕೆ ಅರ್ಜಿ ಕೊಡಬೇಕು.

ನನ್ನ ಭಯ ದುಡ್ಡಿನದಲ್ಲ. ಈ ಕಾರಲ್ಲಿ ಏರ್‌ಬ್ಯಾಗ್ ಇಲ್ಲ, ಎಬಿಎಸ್ ಇಲ್ಲ, ತಗಡು ತೆಳುವು. ಹೊಸ ಕಾರುಗಳಿಗೆ ಡ್ರೈವರ್ ಏರ್‌ಬ್ಯಾಗ್ ಕಡ್ಡಾಯ ಆಗಿದ್ದು 2019ರಲ್ಲಿ. ಅಂದ್ರೆ ನಮ್ಮ ಮಕ್ಕಳ ಕೈಗೆ ಎಟುಕೋ ಬೆಲೆಯ ಕಾರುಗಳಲ್ಲಿ ಬಹಳಷ್ಟಕ್ಕೆ ಅದು ಇರಲ್ಲ, ಹೊಸದಾಗಿ ಓಡಿಸೋ ಹುಡುಗರೇ ಅಂಥ ಕಾರಲ್ಲಿ ಕೂರ್ತಾರೆ. ಇದನ್ನ ಮಗನಿಗೆ ಬೈದು ಹೇಳಲಿಲ್ಲ, ಕೂತು ಹೇಳಿದೆ. ಅವನೇ ಮೂರು ಮಾತು ಕೊಟ್ಟ: ಬೆಲ್ಟ್ ಹಾಕದೆ ಗಾಡಿ ಎತ್ತಲ್ಲ, 60ರ ಮೇಲೆ ಹೋಗಲ್ಲ, ಆರು ತಿಂಗಳು ರಾತ್ರಿ ಹೊತ್ತು ಹೈವೇಗೆ ಇಳಿಯಲ್ಲ, ಅಜ್ಜಿಗೆ ಬೇಕಾದಾಗ ಬಿಟ್ಟು. ಇಲ್ಲಿಯವರೆಗೆ ಉಳಿಸ್ಕೊಂಡಿದ್ದಾನೆ. ಒಂದು ಭಾನುವಾರ ಸ್ನೇಹಿತರು ಆರು ಜನ ಹತ್ತೋಕೆ ಬಂದಾಗ ಇಬ್ಬರನ್ನ ಇಳಿಸಿ ಬಸ್ಸಿಗೆ ಕಳಿಸಿದ ಅಂತ ಕೇಳಿದೆ.

ಅವ್ವನನ್ನ ಎರಡು ಸಲ ಆಸ್ಪತ್ರೆಗೆ ತೋರಿಸ್ಕೊಂಡು ಬಂದಿದ್ದಾನೆ, ಎರಡೂ ಹಗಲಲ್ಲೇ. ರಾತ್ರಿ ಹೊತ್ತಿನ ಅವಸರ ಇನ್ನೂ ಬಂದಿಲ್ಲ, ಬರದೇ ಇರಲಿ. ಆದ್ರೆ ದಿನಾ ಸಂಜೆ ಅವನು ಕಾರನ್ನ ರಿವರ್ಸ್ ಹಾಕಿ, ಮೂತಿ ರೋಡ್ ಕಡೆ ಇರೋ ಹಾಗೆ ನಿಲ್ಲಿಸ್ತಾನೆ. ಟ್ಯಾಂಕಲ್ಲಿ ಅರ್ಧಕ್ಕಿಂತ ಕಡಿಮೆ ಪೆಟ್ರೋಲ್ ಇಳಿಯೋಕೆ ಬಿಡಲ್ಲ. ನಾನು ಹೇಳಿಕೊಟ್ಟಿದ್ದಲ್ಲ ಅದು.

ಹಳೇ ಕಾರು ನೋಡೋಕೆ ಹೊರಟಿರೋರು ಯಾರಾದ್ರೂ ಇದ್ರೆ ಹೇಳಿ, ಮಗನನ್ನ ಜೊತೆಗೆ ಕಳಿಸ್ತೀನಿ. 500 ಏನೂ ಬೇಡ, ಒಂದು ಕಾಫಿ ಕುಡಿಸಿ ಸಾಕು. ಕೊಟ್ಟಿಗೆ ಶೀಟು ಇನ್ನೂ ಸೋರ್ತಾ ಇದೆ. ಮುಂದಿನ ವಾರ ತೆಂಗಿನ ನುಸಿ ವಿಚಾರ ಬರೀತೀನಿ.